ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನ ಬಿಸಿನೀರಿನ ಕೊಳಗಳಲ್ಲಿ ಕೂತರೆ ಮಂಡಿನೋವು ನಿಜಕ್ಕೂ ಹೋಗುತ್ತದೆಯೇ?

ಪೂರ್ತಿ ಹೋಗುವುದಿಲ್ಲ, ಆದರೆ ಕಡಿಮೆ ಆಗಬಹುದು. ಮಂಡಿ ಸವೆತ, ಹಳೆಯ ಸೊಂಟನೋವು ಇರುವವರ ಮೇಲೆ ಹಂಗೇರಿಯಲ್ಲೇ ಹಲವು ಅಧ್ಯಯನಗಳು ನಡೆದಿವೆ. ಕೆಲವು ವಾರ ಸ್ನಾನ ಮಾಡಿದವರಿಗೆ ನೋವು ತಗ್ಗಿದೆ. ಹೆಚ್ಚಿನವು ಸಣ್ಣ ಅಧ್ಯಯನಗಳು ಅನ್ನುವುದೂ ನಿಜ. ಆದರೂ ಅಲ್ಲಿ ವೈದ್ಯರು ಚೀಟಿ ಬರೆದುಕೊಟ್ಟರೆ ಸರ್ಕಾರಿ ಆರೋಗ್ಯ ವಿಮೆಯೇ ಖರ್ಚಿನ ಒಂದು ಪಾಲು ಕೊಡುತ್ತದೆ.

ಮುಖ್ಯವಾಗಿ ಕೆಲಸ ಮಾಡುವುದು ನೀರಿನ ಬಿಸಿ ಮತ್ತು ಅದು ಮೈಯನ್ನು ತೇಲಿಸುವ ರೀತಿ. ಕುತ್ತಿಗೆವರೆಗೆ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಿಸಿಗೆ ರಕ್ತನಾಳ ಹಿಗ್ಗುತ್ತವೆ, ಬಿಗಿದ ಸ್ನಾಯು ಸಡಿಲವಾಗುತ್ತದೆ. ಆ ನೀರಿನಲ್ಲಿರುವ ಖನಿಜಗಳ ಪಾತ್ರ ಎಷ್ಟು ಅನ್ನುವುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಚರ್ಮ ಅವನ್ನು ಒಳಗೆ ಬಿಟ್ಟುಕೊಳ್ಳುವುದು ತೀರಾ ಕಡಿಮೆ. ಮೈಯ ವಿಷವೆಲ್ಲ ಹೊರಹೋಗುತ್ತದೆ ಅನ್ನೋದು ಸುಮ್ನೆ ಜಾಹೀರಾತಿನ ಮಾತು.

ಬುಡಾಪೆಸ್ಟ್‌ನಲ್ಲಿ 1913ರಲ್ಲಿ ತೆರೆದ ಸೆಚೆನಿ ಸ್ನಾನಗೃಹಕ್ಕೆ ನೆಲದಾಳದಿಂದ ಬರುವ ನೀರು 70 ಡಿಗ್ರಿಗೂ ಜಾಸ್ತಿ ಬಿಸಿ. ಅದನ್ನು ತಣಿಸಿ ಕೊಳಕ್ಕೆ ಬಿಡುತ್ತಾರೆ. ಹೊರಗಿನ ಬಿಸಿ ಕೊಳ 38 ಡಿಗ್ರಿ ಆಸುಪಾಸು ಇರುತ್ತದೆ. ಚಳಿಗಾಲದಲ್ಲೂ ಎದೆಮಟ್ಟ ನೀರಲ್ಲಿ ನಿಂತು ಚೆಸ್ ಆಡುವ ತಾತಂದಿರು ಅಲ್ಲಿ ಸಿಗುತ್ತಾರೆ. ಅವರ ಆಟ ಮುಗಿಯುವತನಕ ನೀವು ನಿಲ್ಲಬೇಡಿ, 20 ನಿಮಿಷ ಸಾಕು. ನಿಧಾನವಾಗಿ ಎದ್ದು ಬನ್ನಿ, ಇಲ್ಲದಿದ್ದರೆ ಬಿಪಿ ಇಳಿದು ತಲೆ ಸುತ್ತಬಹುದು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಇಳಿಯಬೇಕು. ಗಾಯ ಇದ್ದರೆ ಮಾಯುವವರೆಗೆ ಬೇಡ.