ಆಲ್-ಸ್ಟಾರ್ ಗೇಮ್ ಈಗ ಯಾರಿಗೆ ಬೇಕು? ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಸರ್, ನಮ್ಮೂರು ಹಾಸನದ ಕಡೆ, ಈಗ ಕ್ಯಾಲಿಫೋರ್ನಿಯಾದಲ್ಲಿ ಇದೀವಿ. ನಾವಿಲ್ಲಿಗೆ ಬಂದ ಹೊಸದ್ರಲ್ಲಿ ಇಲ್ಲಿನ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಲ್-ಸ್ಟಾರ್, ಅದೇ ಲೀಗಿನ ದೊಡ್ಡ ಸ್ಟಾರ್‌ಗಳೆಲ್ಲ ಸೇರಿ ವರ್ಷಕ್ಕೊಮ್ಮೆ ಆಡೋ ಮ್ಯಾಚ್, ಬಂತಂದ್ರೆ ಆಫೀಸಲ್ಲಿ ವಾರಪೂರ್ತಿ ಅದೇ ಮಾತು, ಐವರ್ಸನ್ ಆಡ್ತಿದ್ದ ಕಾಲ ಅದು. ನನ್ನ ಮಗ ಹೈಸ್ಕೂಲ್ ಟೀಮಲ್ಲಿ ಬಾಸ್ಕೆಟ್‌ಬಾಲ್ ಆಡ್ತಾನೆ, ಸ್ಟೆಫ್ ಕರ್ರಿ ಅಂದ್ರೆ ಪ್ರಾಣ ಬಿಡ್ತಾನೆ. ಆದ್ರೂ 2025ರಲ್ಲಿ ನಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಆಲ್-ಸ್ಟಾರ್ ನಡೀತಿದ್ರೆ ಅರ್ಧಕ್ಕೇ ಎದ್ದು ಹೋದ. ಯಾಕೋ ಅಂದ್ರೆ "ಅವರು ಆಡ್ತಾನೇ ಇಲ್ಲ ಅಪ್ಪಾ" ಅಂದ. ಫ್ಯಾನ್ಸ್‌ಗೆ ಈ ಆಟ ನಿಜವಾಗ್ಲೂ ಬೇಡವಾಗಿದ್ಯಾ, ಇಲ್ಲಾ ಈಗಿನ ಹುಡುಗರಿಗೆ ತಾಳ್ಮೆ ಕಮ್ಮಿಯಾಗಿದ್ಯಾ?

ಉತ್ತರ: ನಿಮ್ಮ ಮಗ ಹೇಳಿದ್ದೇ ಸರಿ, ಅವನ ತಾಳ್ಮೆಯಲ್ಲಿ ಏನೂ ತಪ್ಪಿಲ್ಲ. ನೀವು ಐವರ್ಸನ್ ಹೆಸರು ತೆಗೆದ್ರಲ್ಲ, 2001ರ ವಾಷಿಂಗ್ಟನ್ ಗೇಮ್ ನೆನಪು ಮಾಡ್ಕೊಳ್ಳಿ. ಇನ್ನೇನು ಒಂಬತ್ತು ನಿಮಿಷ ಬಾಕಿ ಇದೆ ಅನ್ನೋವಾಗ ದೇಶದ ಪೂರ್ವ ಭಾಗದ ಟೀಮುಗಳ ಸ್ಟಾರ್‌ಗಳಿದ್ದ ಈಸ್ಟ್ ಟೀಮ್ ವೆಸ್ಟ್‌ಗಿಂತ 21 ಪಾಯಿಂಟ್ ಹಿಂದಿತ್ತು, ಅಲ್ಲಿಂದ ಐವರ್ಸನ್ ಮೈಮೇಲೆ ಬಂದವನ ಹಾಗೆ ಆಡಿ 111-110ಕ್ಕೆ ಗೆಲ್ಲಿಸಿಬಿಟ್ಟ. ಆ ಗೇಮಿಗೂ ಲೀಗಿನ ಸ್ಥಾನಪಟ್ಟಿಗೂ ಸಂಬಂಧವೇ ಇರ್ಲಿಲ್ಲ, ಸೋತಿದ್ರೂ ಯಾರೂ ಏನೂ ಕಳ್ಕೊಳ್ತಿರ್ಲಿಲ್ಲ, ಆದ್ರೂ ಕೊನೇ ನಿಮಿಷಗಳಲ್ಲಿ ಎರಡೂ ಕಡೆಯವರು ಡಿಫೆನ್ಸ್ ಆಡಿದ್ರು, ನೀವೆಲ್ಲ ವಾರಗಟ್ಟಲೆ ಮಾತಾಡಿದ್ದು ಅದಕ್ಕೇ.

ಈಗ 2024ರ ಇಂಡಿಯಾನಾಪೊಲಿಸ್ ಗೇಮ್ ನೋಡಿ. ಈಸ್ಟ್ 211, ವೆಸ್ಟ್ 186. ಆಲ್-ಸ್ಟಾರ್ ಇತಿಹಾಸದಲ್ಲೇ ಒಂದು ಟೀಮ್ ಇನ್ನೂರು ದಾಟಿದ್ದು ಅದೇ ಮೊದಲು, ಈಸ್ಟ್ ಒಂದೇ 42 ಮೂರು-ಪಾಯಿಂಟರ್ ಹಾಕ್ತು. ಕೇಳೋಕೆ ಹಬ್ಬದ ಹಾಗಿದೆ, ನೋಡೋಕೆ ಕೂತವರಿಗೆ ಮಾತ್ರ ಪ್ರಾಕ್ಟೀಸ್ ನೋಡಿದ ಹಾಗಿತ್ತು, ಒಬ್ಬ ಡ್ರಿಬಲ್ ಮಾಡ್ಕೊಂಡು ಬರ್ತಾನೆ, ಎದುರಿಗೆ ಇರೋನು ಪಕ್ಕಕ್ಕೆ ಸರಿದು ದಾರಿ ಬಿಡ್ತಾನೆ. ಟ್ರೋಫಿ ಕೊಡೋವಾಗ ಕಮಿಷನರ್ ಆಡಮ್ ಸಿಲ್ವರ್ ಮುಖದಲ್ಲೇ ಬೇಜಾರು ಕಾಣ್ತಿತ್ತು. ಅದರ ಹಿಂದಿನ ವರ್ಷ ಸಾಲ್ಟ್ ಲೇಕ್ ಸಿಟಿಯಲ್ಲಿ ಟೇಟಮ್ 55 ಪಾಯಿಂಟ್ ಹೊಡೆದು ದಾಖಲೆ ಮಾಡಿದ್ದ, ಆ ದಾಖಲೆ ಬಗ್ಗೆ ಯಾರಾದ್ರೂ ಪ್ರೀತಿಯಿಂದ ಮಾತಾಡಿದ್ದು ನಾನಂತೂ ಕೇಳಿಲ್ಲ. ಗೆದ್ದ ಟೀಮಿನ ಒಬ್ಬೊಬ್ಬರಿಗೆ ಲಕ್ಷ ಡಾಲರ್ ಅಂದ್ರೂ ವರ್ಷಕ್ಕೆ ನಾಲ್ಕೈದು ಕೋಟಿ ಡಾಲರ್ ಎಣಿಸೋರಿಗೆ ಅದ್ಯಾವ ಲೆಕ್ಕ. ನಿಮ್ಮ ಮಗ ಎದ್ದು ಹೋದ 2025ರ ಗೇಮಲ್ಲಿ ನಾಲ್ಕು ಟೀಮ್ ಮಾಡಿ, 40 ಪಾಯಿಂಟ್ ಮೊದಲು ಮುಟ್ಟಿದವರು ಗೆದ್ರು ಅಂತ ಮಿನಿ ಟೂರ್ನಮೆಂಟ್ ಮಾಡಿದ್ರು. 2026ಕ್ಕೆ ಅದನ್ನೂ ಬಿಟ್ಟು ಅಮೆರಿಕದ ಎರಡು ಟೀಮ್, ಹೊರದೇಶದವರ ಒಂದು ಟೀಮ್ ಅಂತ ಬದಲಾಯಿಸಿದ್ರು. ವರ್ಷಕ್ಕೊಂದು ಫಾರ್ಮ್ಯಾಟ್ ಬದಲಾಗ್ತಿದೆ ಅಂದ್ರೆ ರೋಗ ಎಲ್ಲಿದೆ ಅಂತ ಇನ್ನೂ ಹುಡುಕ್ತಾನೇ ಇದ್ದಾರೆ ಅಂತ ಅರ್ಥ.

ಫ್ಯಾನ್ಸ್ ಬದಲಾಗಿಲ್ಲ ಅಂತ ನಾನು ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ಅದೇ 2025ರ ಫೆಬ್ರವರಿಯಲ್ಲಿ, ಅದೇ ವಾರದಲ್ಲಿ, ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನೋರು ತಮ್ಮ ಆಲ್-ಸ್ಟಾರ್ ಗೇಮನ್ನೇ ಬದಿಗಿಟ್ಟು ಅಮೆರಿಕ, ಕೆನಡಾ, ಸ್ವೀಡನ್, ಫಿನ್ಲೆಂಡ್ ಸೇರಿಸಿ ಫೋರ್ ನೇಷನ್ಸ್ ಅಂತ ಟೂರ್ನಿ ಆಡಿಸಿದ್ರು. ಮಾಂಟ್ರಿಯಲ್‌ನಲ್ಲಿ ಅಮೆರಿಕ-ಕೆನಡಾ ಮ್ಯಾಚ್ ಶುರುವಾಗಿ ಮೊದಲ ಒಂಬತ್ತು ಸೆಕೆಂಡ್ ಆಟದಲ್ಲೇ ಮೂರು ಜಗಳ! ಜಗಳ ಒಳ್ಳೇದು ಅಂತ ನಾನು ಹೇಳ್ತಿಲ್ಲ, ಆದ್ರೆ ಇವರು ಸುಮ್ನೆ ಮುಖ ತೋರಿಸಿ ಹೋಗೋಕೆ ಬಂದಿಲ್ಲ ಅಂತ ಆ ಕ್ಷಣದಲ್ಲೇ ಎಲ್ಲರಿಗೂ ಗೊತ್ತಾಯ್ತು. ಬಾಸ್ಟನ್‌ನ ಫೈನಲ್ಲಲ್ಲಿ ಓವರ್‌ಟೈಮ್‌ಗೆ ಹೋಗಿ ಮೆಕ್‌ಡೇವಿಡ್ ಗೋಲ್ ಹೊಡೆದು ಕೆನಡಾ 3-2ಕ್ಕೆ ಗೆಲ್ತು. ಅಮೆರಿಕದಲ್ಲಿ ಆ ಫೈನಲ್ ನೋಡಿದವರು 90 ಲಕ್ಷಕ್ಕೂ ಮೇಲೆ, ಅದೇ ವಾರದ ಎನ್‌ಬಿಎ ಆಲ್-ಸ್ಟಾರ್ ನೋಡಿದವರು 47 ಲಕ್ಷದ ಹತ್ತಿರ. ಅಮೆರಿಕದಲ್ಲಿ ಬಾಸ್ಕೆಟ್‌ಬಾಲ್ ಮುಂದೆ ಐಸ್ ಹಾಕಿ ಎಷ್ಟು ಚಿಕ್ಕ ಆಟ ಅಂತ ನಿಮಗೇ ಗೊತ್ತು. ದೊಡ್ಡ ಸ್ಟಾರ್‌ಗಳು ಒಂದೇ ಕಡೆ ಸೇರಿದ್ರೆ ನೋಡೋಕೆ ಜನ ಈಗ್ಲೂ ತಯಾರಿದ್ದಾರೆ, ಸೇರಿದವರು ಮನಸ್ಸಿಟ್ಟು ಆಡ್ಬೇಕು ಅಷ್ಟೇ.

ಪ್ರಶ್ನೆ: ನಾನು ಬೆಂಗಳೂರಲ್ಲಿ ಕೂತು ಬೇಸ್‌ಬಾಲ್ ಫಾಲೋ ಮಾಡೋ ಅಪರೂಪದ ಜಾತಿ. ಜುಲೈಯಲ್ಲಿ ಬೆಳಗ್ಗೆ ಐದೂವರೆಗೆ ಅಲಾರಂ ಇಟ್ಟು ಆಲ್-ಸ್ಟಾರ್ ನೋಡ್ತೀನಿ, ನನಗೆ ಯಾವತ್ತೂ ಮೋಸ ಆಯ್ತು ಅನ್ನಿಸಿಲ್ಲ. ಬೇಸ್‌ಬಾಲ್ ಮಾತ್ರ ಯಾಕೆ ಹಾಳಾಗ್ಲಿಲ್ಲ?

ಉತ್ತರ: ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ಬೇಸ್‌ಬಾಲ್‌ನಲ್ಲಿ ಇರೋದು ಚೆಂಡು ಎಸೆಯೋ ಒಬ್ಬ ಪಿಚರ್, ಹೊಡೆಯೋ ಒಬ್ಬ ಬ್ಯಾಟರ್. ಗಂಟೆಗೆ 98 ಮೈಲಿ ವೇಗದಲ್ಲಿ ಬರೋ ಚೆಂಡನ್ನ ಅರೆಮನಸ್ಸಲ್ಲಿ ಹೊಡೆಯೋಕೆ ಆಗಲ್ಲ, ಅರೆಮನಸ್ಸಲ್ಲಿ ಎಸೆದ್ರೆ ಅದು ಗ್ಯಾಲರಿಯಲ್ಲಿ ಬಿದ್ದಿರುತ್ತೆ, ಇಡೀ ದೇಶದ ಮುಂದೆ ಮರ್ಯಾದೆ ಹೋಗುತ್ತೆ. ಪಿಚರ್‌ಗಳು ಹೆಚ್ಚಾಗಿ ಒಂದೊಂದೇ ಇನ್ನಿಂಗ್ಸ್ ಹಾಕೋದ್ರಿಂದ ಇರೋ ಶಕ್ತಿಯೆಲ್ಲ ಅಲ್ಲೇ ಸುರೀತಾರೆ. ಬಾಸ್ಕೆಟ್‌ಬಾಲ್ ಹಾಗಲ್ಲ, ಅದರಲ್ಲಿ ಡಿಫೆನ್ಸ್ ಪೂರ್ತಿ ಮನಸ್ಸಿನ ಮೇಲೆ ನಿಂತಿದೆ, ಮನಸ್ಸು ತೆಗೆದ್ರೆ ಆಟವೇ ಇರಲ್ಲ. ಅಮೆರಿಕನ್ ಫುಟ್‌ಬಾಲ್ ಕಥೆ ಇನ್ನೂ ಕಷ್ಟ, ಗುದ್ದಾಟವೇ ಅಲ್ಲಿ ಆಟ, ಕಾಲು ಮುರಿದ್ರೆ ಮುಂದಿನ ಸೀಸನ್ ಹೋಯ್ತು, ಅದಕ್ಕೇ ಅವರ ಆಲ್-ಸ್ಟಾರ್ ಆದ ಪ್ರೊ ಬೌಲ್‌ನಲ್ಲಿ ಯಾರೂ ಯಾರನ್ನೂ ಸರಿಯಾಗಿ ಹಿಡೀತಿರ್ಲಿಲ್ಲ, ಕೊನೆಗೆ 2023ರಿಂದ ಎದುರಾಳಿಯನ್ನ ಹಿಡಿದು ಕೆಡವೋ ಟ್ಯಾಕಲ್ ಮ್ಯಾಚನ್ನೇ ನಿಲ್ಲಿಸಿ ಸೊಂಟದ ಫ್ಲ್ಯಾಗ್ ಕೀಳೋ ಫ್ಲ್ಯಾಗ್ ಫುಟ್‌ಬಾಲ್ ಮಾಡಿದ್ರು. ನನ್ನ ಪ್ರಕಾರ ಅದು ಪ್ರಾಮಾಣಿಕ ನಿರ್ಧಾರ.

ಆದ್ರೆ ಬೇಸ್‌ಬಾಲ್‌ಗೂ ಗಾಯ ಆಗಿಲ್ಲ ಅಂತಿಲ್ಲ. 1933ರಲ್ಲಿ ಶಿಕಾಗೋದ ಕಮಿಸ್ಕಿ ಪಾರ್ಕಲ್ಲಿ, ವರ್ಲ್ಡ್ ಫೇರ್ ನಡೀತಿದ್ದಾಗ, ಆರ್ಚ್ ವಾರ್ಡ್ ಅನ್ನೋ ಪತ್ರಿಕಾ ಸಂಪಾದಕನ ತಲೆಯಿಂದ ಹುಟ್ಟಿದ್ದು ಈ ಆಲ್-ಸ್ಟಾರ್, ಬೇಸ್‌ಬಾಲ್‌ನ ಎರಡು ಲೀಗ್‌ಗಳ ಸ್ಟಾರ್‌ಗಳು ಎದುರಾಗೋ ಮ್ಯಾಚ್. ಆಗ ಅಮೆರಿಕನ್ ಲೀಗ್ ಟೀಮುಗಳು, ನ್ಯಾಷನಲ್ ಲೀಗ್ ಟೀಮುಗಳು ಸೀಸನ್ ಕೊನೆಯ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಬಿಟ್ರೆ ಲೆಕ್ಕಕ್ಕೆ ಬರೋ ಮ್ಯಾಚಲ್ಲಿ ಎದುರಾಗ್ತಾನೇ ಇರ್ಲಿಲ್ಲ. ಮರುವರ್ಷ ಕಾರ್ಲ್ ಹಬಲ್ ಅನ್ನೋ ಪಿಚರ್ ಬೇಬ್ ರೂಥ್, ಗೆಹ್ರಿಗ್, ಫಾಕ್ಸ್, ಸಿಮನ್ಸ್, ಕ್ರೋನಿನ್ ಅನ್ನೋ ಐದು ದೊಡ್ಡ ಬ್ಯಾಟರ್‌ಗಳನ್ನ ಸಾಲಾಗಿ ಸ್ಟ್ರೈಕ್‌ಔಟ್ ಮಾಡಿದ್ದು ಇವತ್ತಿಗೂ ಜನ ಹೇಳೋದು ಯಾಕೆ ಅಂದ್ರೆ ಅಂಥ ಮುಖಾಮುಖಿ ಬೇರೆಲ್ಲೂ ಸಿಗ್ತಿರ್ಲಿಲ್ಲ. ಆ ಕೊರತೆ ಈಗಿಲ್ಲ. 1997ರಲ್ಲಿ ಎರಡೂ ಲೀಗ್‌ಗಳ ಟೀಮುಗಳು ಸೀಸನ್ನಲ್ಲೇ ಆಡೋಕೆ ಶುರು ಮಾಡಿದ್ವು, 2023ರಿಂದ ಪ್ರತಿ ಟೀಮೂ ಉಳಿದ ಎಲ್ಲಾ ಟೀಮಿನ ಜೊತೆ ಆಡುತ್ತೆ, ಮೇಲಿಂದ ಯಾವ ಮ್ಯಾಚ್ ಬೇಕಾದ್ರೂ ಫೋನಲ್ಲಿ ಸಿಗುತ್ತೆ. ಈಗಿನ ದೊಡ್ಡ ಸ್ಟಾರ್ ಓಟಾನಿಯನ್ನ ನೋಡೋಕೆ ಜುಲೈವರೆಗೂ ಕಾಯೋ ಅಗತ್ಯ ಯಾರಿಗಿದೆ.

2002ರಲ್ಲಿ ಮಿಲ್ವಾಕಿಯಲ್ಲಿ 11 ಇನ್ನಿಂಗ್ಸ್ ಆದ್ಮೇಲೆ ಪಿಚರ್‌ಗಳು ಖಾಲಿಯಾಗಿ 7-7 ಟೈ ಅಂತ ಕೈ ಎತ್ತಿಬಿಟ್ರು, ಸ್ಟೇಡಿಯಂ ಪೂರ್ತಿ ಬೂ. ಅದರ ಮರ್ಯಾದೆ ಉಳಿಸೋಕೆ 2003ರಿಂದ 2016ರವರೆಗೂ, ಆಲ್-ಸ್ಟಾರ್ ಗೆದ್ದ ಲೀಗ್‌ಗೆ ವರ್ಲ್ಡ್ ಸೀರೀಸ್‌ನಲ್ಲಿ ಹೋಮ್ ಅಡ್ವಾಂಟೇಜ್, ಅಂದ್ರೆ ತವರಲ್ಲಿ ಆಡೋ ಅನುಕೂಲ ಅಂತ ರೂಲ್ ಮಾಡಿದ್ರು. ನನಗೆ ಅದು ಯಾವತ್ತೂ ಸರಿ ಕಂಡಿಲ್ಲ, ಜುಲೈನ ಒಂದು ರಾತ್ರಿ ಯಾರೋ ಆಡಿದ್ದಕ್ಕೆ ಅಕ್ಟೋಬರ್‌ನಲ್ಲಿ ಇನ್ಯಾರೋ ಬೆಲೆ ತೆರೋದು ನ್ಯಾಯ ಅಲ್ಲ.

ಈಗ 2025ರ ಅಟ್ಲಾಂಟಾ ನೋಡಿ, ನೀವೂ ಎದ್ದು ನೋಡಿರ್ತೀರ. ನ್ಯಾಷನಲ್ ಲೀಗ್ 6-0 ಮುಂದಿತ್ತು, ಅಮೆರಿಕನ್ ಲೀಗ್ ಬೆನ್ನಟ್ಟಿ ಕೊನೆಯ ಒಂಬತ್ತನೇ ಇನ್ನಿಂಗ್ಸಲ್ಲಿ 6-6 ಮಾಡ್ತು. ಆಮೇಲೆ ಎಕ್ಸ್‌ಟ್ರಾ ಇನ್ನಿಂಗ್ಸ್ ಇಲ್ಲ, ಸ್ವಿಂಗ್-ಆಫ್. ಒಂದೊಂದು ಕಡೆಯಿಂದ ಮೂರು ಬ್ಯಾಟರ್, ಒಬ್ಬೊಬ್ಬರಿಗೆ ಮೂರು ಸ್ವಿಂಗ್, ಚೆಂಡು ಹಾಕೋದು ಕೋಚು, ಚೆಂಡನ್ನ ಬೌಂಡರಿ ಆಚೆ ಕಳಿಸೋ ಹೋಮ್ ರನ್ ಜಾಸ್ತಿ ಹೊಡೆದವರು ಗೆದ್ದ ಹಾಗೆ. ಕೈಲ್ ಶ್ವಾರ್ಬರ್ ಬಂದ, ಮೂರು ಸ್ವಿಂಗ್, ಮೂರೂ ಹೋಮ್ ರನ್, ಮೂರನೇದಂತೂ ಮಂಡಿ ಊರಿ ಹೊಡೆದ! ಸುತ್ತ ನಿಂತಿದ್ದ ಕೋಟ್ಯಧಿಪತಿ ಆಟಗಾರರು ಗಲ್ಲಿ ಹುಡುಗರ ಹಾಗೆ ಕುಣಿದ್ರು. ಇದು ಅಸಲಿ ಬೇಸ್‌ಬಾಲ್ ಅಲ್ಲ ಅಂತ ಗೊಣಗಿದವರೂ ಇದ್ದಾರೆ, ಆದ್ರೆ ಆ ಹತ್ತು ನಿಮಿಷ ಅಲ್ಲಿದ್ದ ಒಬ್ಬೊಬ್ಬನಿಗೂ ಗೆಲ್ಬೇಕು ಅನ್ನಿಸಿತ್ತು, ಅದು ಟಿವಿಯಲ್ಲಿ ಕೂಡ ಕಾಣ್ತಿತ್ತು.

ಪ್ರಶ್ನೆ: ಮ್ಯಾಚ್ ಯಾರೂ ನೋಡಲ್ಲ ಅಂತೀರ, ಆದ್ರೆ ಯಾರು ಸೆಲೆಕ್ಟ್ ಆದ್ರು, ಯಾರನ್ನ ಬಿಟ್ರು ಅಂತ ಪ್ರತಿ ವರ್ಷ ಎಷ್ಟು ಗಲಾಟೆ! ಫ್ಯಾನ್ಸ್ ವೋಟಿಗೆ ಬೆಲೆ ಇದ್ಯಾ?

ಉತ್ತರ: ಇದೆ, ಮ್ಯಾಚಿಗಿಂತ ಸೆಲೆಕ್ಷನ್ನಿಗೇ ಜಾಸ್ತಿ ಬೆಲೆ. ಎಷ್ಟು ಸಲ ಆಲ್-ಸ್ಟಾರ್ ಅನ್ನೋದು ಒಬ್ಬ ಆಟಗಾರನ ಹೆಸರಿನ ಜೊತೆ ಜೀವನಪೂರ್ತಿ ಇರುತ್ತೆ, ಕಾಂಟ್ರ್ಯಾಕ್ಟಲ್ಲಿ ಬೋನಸ್ ಬರುತ್ತೆ, ಹಾಲ್ ಆಫ್ ಫೇಮ್ ಚರ್ಚೆಯಲ್ಲಿ ಮೊದಲು ಎಣಿಸೋದೇ ಅದನ್ನ. ವೋಟು ದಾರಿ ತಪ್ಪಿದ್ದೂ ಇದೆ, 1957ರಲ್ಲಿ ಸಿನ್ಸಿನಾಟಿ ಜನ ತಮ್ಮ ಟೀಮಿನ ಏಳು ಜನರನ್ನ ಆರಿಸಿ ಕೂರಿಸಿದ್ದಕ್ಕೆ ಬೇಸ್‌ಬಾಲ್‌ನೋರು 1970ರವರೆಗೂ ಫ್ಯಾನ್ಸ್ ವೋಟನ್ನೇ ಕಿತ್ಕೊಂಡ್ರು. ಎನ್‌ಬಿಎಯಲ್ಲಿ 2017ರಿಂದ ಸ್ಟಾರ್ಟರ್‌ಗಳ, ಅಂದ್ರೆ ಶುರುವಿಗೇ ಅಂಗಳಕ್ಕಿಳಿಯೋರ ಆಯ್ಕೆಯಲ್ಲಿ ಫ್ಯಾನ್ಸ್‌ಗೆ ಅರ್ಧ ಪಾಲು, ಉಳಿದರ್ಧ ಆಟಗಾರರಿಗೂ ಪತ್ರಕರ್ತರಿಗೂ.

ವೋಟಿನ ಕಥೆಗಳಲ್ಲಿ ನನಗೆ ಹತ್ತಿರವಾದದ್ದು ಜಾನ್ ಸ್ಕಾಟ್‌ದು. ಐಸ್ ಹಾಕಿಯಲ್ಲಿ ಹೊಡೆದಾಟಕ್ಕೇ ಅಂತ ಇಟ್ಕೊಂಡಿದ್ದ ಆಟಗಾರ, ಇಡೀ ಕರಿಯರ್‌ನಲ್ಲಿ ಗೋಲು ಬೆರಳೆಣಿಕೆಯಷ್ಟು. 2016ರಲ್ಲಿ ಫ್ಯಾನ್ಸ್ ತಮಾಷೆಗೆ ಅಂತ ವೋಟ್ ಹಾಕಿ ಅವನನ್ನ ಆಲ್-ಸ್ಟಾರ್‌ನಲ್ಲಿ ಪೆಸಿಫಿಕ್ ಡಿವಿಷನ್ ಟೀಮಿನ ಕ್ಯಾಪ್ಟನ್ ಮಾಡಿಬಿಟ್ರು. ನೀನೇ ಹಿಂದೆ ಸರಿ ಅಂತ ಲೀಗ್ ಕಡೆಯಿಂದ ಒತ್ತಡ ಬಂತು, ಅಷ್ಟರಲ್ಲಿ ಬೇರೆ ಟೀಮಿಗೆ ಟ್ರೇಡ್ ಆಗಿ ಕೆಳಗಿನ ಲೀಗ್‌ಗೆ ಹೋದ, ಹೆಂಡತಿ ಅವಳಿ ಮಕ್ಕಳ ಬಸುರಿ. ಆದ್ರೂ ಬಂದ. ನ್ಯಾಶ್‌ವಿಲ್‌ನಲ್ಲಿ ಎರಡು ಗೋಲ್ ಹೊಡೆದ, ಅವನ ಟೀಮ್ ಗೆಲ್ತು, ಎಂವಿಪಿ, ಅಂದ್ರೆ ಆಟದ ಶ್ರೇಷ್ಠ ಆಟಗಾರ ಆದ, ಜೊತೆಗಿದ್ದ ಸ್ಟಾರ್‌ಗಳು ಹೆಗಲ ಮೇಲೆ ಹೊತ್ತುಕೊಂಡ್ರು. ತಮಾಷೆಗೆ ಶುರು ಮಾಡಿದ ಜನವೇ ಆವತ್ತು ಎದ್ದು ನಿಂತು ಅವನ ಹೆಸರು ಕೂಗಿದ್ರು.

ಇನ್ನೊಂದು ಹೇಳ್ಬೇಕು. ಎಲ್ಲಾ ದೊಡ್ಡ ಆಟಗಾರರು ಒಂದೇ ಕೋಣೆಯಲ್ಲಿ ಸಿಗೋದು ವರ್ಷಕ್ಕೆ ಇದೊಂದೇ ಸಲ. 1964ರಲ್ಲಿ ಬಾಸ್ಟನ್‌ನ ಎನ್‌ಬಿಎ ಆಲ್-ಸ್ಟಾರ್‌ನಲ್ಲಿ ಬಿಲ್ ರಸೆಲ್, ಆಸ್ಕರ್ ರಾಬರ್ಟ್‌ಸನ್, ಜೆರ್ರಿ ವೆಸ್ಟ್ ಎಲ್ಲಾ ಡ್ರೆಸ್ಸಿಂಗ್ ರೂಮ್ ಬಾಗಿಲು ಹಾಕ್ಕೊಂಡು, ಪೆನ್ಷನ್ ಕೊಡ್ತೀವಿ ಅಂತ ಮಾತು ಕೊಡೋವರೆಗೂ ಆಡಲ್ಲ ಅಂತ ಕೂತ್ರು, ಹೊರಗೆ ಟಿವಿ ಕಾಯ್ತಿದೆ, ಕಮಿಷನರ್ ಬಂದು ಮಾತು ಕೊಟ್ಟ ಮೇಲೇ ಆಟ ಶುರುವಾಗಿದ್ದು. 2025ರ ಆಲ್-ಸ್ಟಾರ್‌ನಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯುಎನ್‌ಬಿಎಯ ಹೆಣ್ಣುಮಕ್ಕಳು ನಮಗೆ ಕೊಡ್ಬೇಕಾದ್ದು ಕೊಡಿ ಅಂತ ಬರೆದ ಟೀಶರ್ಟ್ ಹಾಕ್ಕೊಂಡು ವಾರ್ಮ್‌ಅಪ್‌ಗೆ ಇಳಿದಾಗ ಸ್ಟೇಡಿಯಂ ಅವರ ಪರವಾಗಿ ಕೂಗ್ತು.

ಪ್ರಶ್ನೆ: ಐಪಿಎಲ್‌ನಲ್ಲೂ ಒಂದು ಆಲ್-ಸ್ಟಾರ್ ಮ್ಯಾಚ್ ಇಟ್ರೆ ಹೇಗೆ? ಕೊಹ್ಲಿ, ಬುಮ್ರಾ ಒಂದೇ ಟೀಮಲ್ಲಿ!

ಉತ್ತರ: ಅವರಿಬ್ಬರನ್ನ ಒಂದೇ ಟೀಮಲ್ಲಿ ಇಂಡಿಯಾ ಜೆರ್ಸಿಯಲ್ಲೇ ನೋಡಿದೀರಲ್ಲ, ಅಮೆರಿಕದವರಿಗೆ ಆ ಭಾಗ್ಯ ಕಮ್ಮಿ, ಅದಕ್ಕೇ ಅವರಿಗೆ ಆಲ್-ಸ್ಟಾರ್ ಬೇಕಾಯ್ತು. ಕ್ರಿಕೆಟ್ ಇದನ್ನ ಟ್ರೈ ಮಾಡಿಲ್ಲ ಅಂತಲ್ಲ. 2005ರ ಅಕ್ಟೋಬರ್‌ನಲ್ಲಿ ಸಿಡ್ನಿಯಲ್ಲಿ ಲಾರಾ, ಕಾಲಿಸ್, ಸೆಹ್ವಾಗ್, ಇಂಜಮಾಮ್, ಮುರಳೀಧರನ್, ನಮ್ಮ ದ್ರಾವಿಡ್, ಇಷ್ಟೂ ಜನ ಇದ್ದ ವರ್ಲ್ಡ್ ಇಲೆವೆನ್ ಆಸ್ಟ್ರೇಲಿಯಾ ಎದುರು 210 ರನ್‌ನಿಂದ ಸೋತ್ರು, ಆರು ದಿನದ ಟೆಸ್ಟ್ ನಾಲ್ಕೇ ದಿನಕ್ಕೆ ಮುಗೀತು. ದ್ರಾವಿಡ್ ಆಡಿದ 164 ಟೆಸ್ಟಲ್ಲಿ ಅದೂ ಒಂದು, ಅವರ 13,288 ರನ್ನಲ್ಲಿ 23 ಅಲ್ಲಿಂದ ಬಂದದ್ದು, ಎಷ್ಟು ಜನರಿಗೆ ನೆನಪಿದೆ ಹೇಳಿ. 2007ರಲ್ಲಿ ಆಫ್ರೋ-ಏಷ್ಯಾ ಕಪ್ ಅಂತ ನಮ್ಮ ಚಿನ್ನಸ್ವಾಮಿಯಲ್ಲೇ ಏಷ್ಯಾ-ಆಫ್ರಿಕಾ ಇಲೆವೆನ್ ಆಡಿದ್ರು, ಅಂತಾರಾಷ್ಟ್ರೀಯ ಒನ್‌ಡೇ ಮಾನ್ಯತೆ ಕೊಟ್ಟು ಆಡಿಸಿದ್ರೂ ಅದು ಯಾರ ಮನಸ್ಸಲ್ಲೂ ನಿಲ್ಲಲಿಲ್ಲ.

ಅದೇ 2005ರ ಜನವರಿಯಲ್ಲಿ ಸುನಾಮಿ ಪರಿಹಾರಕ್ಕೆ ಅಂತ ಮೆಲ್ಬರ್ನ್‌ನಲ್ಲಿ ಆಡಿದ ಮ್ಯಾಚ್ ಬೇರೆ ಥರ. ಎಪ್ಪತ್ತು ಸಾವಿರ ಜನ ಬಂದ್ರು, ಪಾಂಟಿಂಗ್ ಸೆಂಚುರಿ ಹೊಡೆದ, ಏಷ್ಯಾ ಪರ ದ್ರಾವಿಡ್ 75 ನಾಟೌಟ್, ಬಂದವರಿಗೆ ತಾವು ಯಾಕೆ ಬಂದಿದೀವಿ ಅಂತ ಗೊತ್ತಿತ್ತು. ಅಮೆರಿಕದಲ್ಲೂ 1933ರ ಮೊದಲ ಗೇಮಿನ ದುಡ್ಡು ಕಷ್ಟದಲ್ಲಿದ್ದ ಹಳೇ ಆಟಗಾರರ ನಿಧಿಗೆ ಹೋಯ್ತು, 1934ರಲ್ಲಿ ಟೊರೊಂಟೊದಲ್ಲಿ ಆಡಿದ ಹಾಕಿ ಆಲ್-ಸ್ಟಾರ್ ಪೆಟ್ಟು ತಿಂದು ಆಟವನ್ನೇ ಬಿಡಬೇಕಾಗಿ ಬಂದ ಏಸ್ ಬೇಯ್ಲಿಗೋಸ್ಕರ. ಹಾಗಾಗಿ ನನ್ನ ಮಾತು ಇಷ್ಟು, ಟಿವಿ ಸ್ಲಾಟ್ ತುಂಬಿಸೋಕೆ ಅಂತ ಐಪಿಎಲ್ ಆಲ್-ಸ್ಟಾರ್ ಬೇಡವೇ ಬೇಡ. ಐಪಿಎಲ್ ಕೋಟಿಗಳನ್ನ ಕಾಣದೇ ರಿಟೈರ್ ಆದ ಹಳೇ ರಣಜಿ ಆಟಗಾರರಿಗೆ, ಹೆಸರೇ ಬರದೇ ಹೋದ ಹಳೇ ಮಹಿಳಾ ಕ್ರಿಕೆಟರ್‌ಗಳಿಗೆ ಟಿಕೆಟ್ ದುಡ್ಡು ಪೂರ್ತಿ ಹೋಗೋ ಹಾಗಿದ್ರೆ ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಒಂದು ಮ್ಯಾಚ್ ಇಡ್ಲಿ, ಅವರನ್ನ ಮೊದಲ ಸಾಲಲ್ಲಿ ಕೂರಿಸ್ಲಿ, ಕೊಹ್ಲಿ-ಬುಮ್ರಾ ಅವರ ಕಣ್ಣೆದುರಿಗೇ ಆಡ್ಲಿ.