ಸುಸ್ತು ಅಂತ ಬರೆಯುವವರಿಗೆ: ಊಟ ಆಮೇಲೆ, ಮೊದಲು ಮಾತ್ರೆ ನೋಡಿ

ಈ ತಿಂಗಳೂ ಅರ್ಧಕ್ಕರ್ಧ ಪತ್ರ ಸುಸ್ತಿನದೇ. ಒಂದಕ್ಕೆ ಮಾತ್ರ ಉದ್ದ ಉತ್ತರ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನನಗೆ 54 ವರ್ಷ. ಎಂಟು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಶುಗರ್ ಹತೋಟಿಯಲ್ಲಿದೆ, ಹಿಮೋಗ್ಲೋಬಿನ್ 12.6. ಆದರೂ ಮಧ್ಯಾಹ್ನದ ಹೊತ್ತಿಗೆ ಕೈಕಾಲು ಸೋಲುತ್ತದೆ, ಪಾದ ಜೋಮು ಹಿಡಿಯುತ್ತದೆ. ನಾವು ಸಸ್ಯಾಹಾರಿಗಳು. ಏನು ತಿಂದರೆ ಶಕ್ತಿ ಬರುತ್ತೆ ಡಾಕ್ಟ್ರೇ?

ಉತ್ತರ: ಎಲ್ಲರೂ ಊಟದ ಬಗ್ಗೆ ಕೇಳುತ್ತೀರಿ, ಮಾತ್ರೆಯ ಬಗ್ಗೆ ಒಬ್ಬರೂ ಕೇಳುವುದಿಲ್ಲ. ವಿಟಮಿನ್ ಬಿ12 ಪರೀಕ್ಷೆ ಮಾಡಿಸಿದ್ದೀರಾ ಅಮ್ಮಾ?

ಬಿ12 ಮೈಗೆ ಹತ್ತುವುದು ಸಣ್ಣ ಕರುಳಿನ ಕೊನೆಯಲ್ಲಿ. ಮೆಟ್‌ಫಾರ್ಮಿನ್ ಅದಕ್ಕೆ ಅಡ್ಡ ಬರುತ್ತದೆ. ಗ್ಯಾಸ್ಟ್ರಿಕ್ ಅಂತ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರೆ ಇನ್ನೂ ಕಷ್ಟ. ಲಿವರ್‌ನಲ್ಲಿ ಕೆಲವು ವರ್ಷಕ್ಕಾಗುವ ದಾಸ್ತಾನು ಇರುತ್ತದೆ. ಹಾಗಾಗಿ ಮೊದಮೊದಲು ಏನೂ ಗೊತ್ತಾಗುವುದಿಲ್ಲ.

ತಿಂದದ್ದನ್ನು ಶಕ್ತಿ ಮಾಡುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾ. ಕೊಬ್ಬು, ಪ್ರೋಟೀನಿನ ಕೆಲವು ತುಣುಕು ಅಲ್ಲಿ ಮುಂದಕ್ಕೆ ಸಾಗಲು ಬಿ12 ಬೇಕು. ರಕ್ತಕಣಕ್ಕೂ, ನರದ ಹೊದಿಕೆಗೂ ಬೇಕು. ಗಿರಣಿಯ ಬೆಲ್ಟ್ ಸಡಿಲವಾಗಿರುವಾಗ ಇನ್ನೊಂದು ಸೇರು ರಾಗಿ ಸುರಿದರೆ ಹಿಟ್ಟು ಬರುತ್ತಾ?

ಮೊನ್ನೆ ಒಬ್ಬರು ಬಂದಿದ್ದರು. ನಡೆಯುವಾಗ ಚಪ್ಪಲಿ ಜಾರಿಹೋದರೂ ಗೊತ್ತಾಗಲ್ಲ ಅಂದರು. ನರ ಪರೀಕ್ಷಿಸಲು ಟ್ಯೂನಿಂಗ್ ಫೋರ್ಕ್ ಅನ್ನುವ, ಬಾರಿಸಿದರೆ ಅದುರುವ ಲೋಹದ ಕವಲನ್ನು ಬಾರಿಸಿ ಕಾಲಿನ ಹೆಬ್ಬೆರಳ ಮೇಲಿಟ್ಟೆ. ಅದು ಗುಂಯ್ ಅನ್ನುತ್ತಲೇ ಇತ್ತು. ಅವರು ಗೋಡೆ ನೋಡುತ್ತಾ, ‘ಯಾವಾಗ ಇಡ್ತೀರಿ?’ ಅಂದರು. ಅವರ ಹಿಮೋಗ್ಲೋಬಿನ್ ಕೂಡ ಚೆನ್ನಾಗೇ ಇತ್ತು. ಜೋಮಿಗೆ ಶುಗರ್ ಒಂದೇ ಕಾರಣ ಅಂತ ನಾವು ಡಾಕ್ಟರುಗಳೂ ಎಷ್ಟೋ ಸಲ ಸುಮ್ನೆ ಬಿಟ್ಟುಬಿಡುತ್ತೇವೆ.

ಮೆಟ್‌ಫಾರ್ಮಿನ್ ನೀವೇ ನಿಲ್ಲಿಸಬೇಡಿ. ಮೊದಲು ಪರೀಕ್ಷೆಗೆ ರಕ್ತ ಕೊಡಿ, ಆಮೇಲೆ ಇಂಜೆಕ್ಷನ್. ಯಾರೋ ಹೇಳಿದರು ಅಂತ ಆ ಕೆಂಪು ಬಿ12 ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದರೆ ರಿಪೋರ್ಟ್ ಸುಳ್ಳು ಹೇಳುತ್ತದೆ. ಬರೀ ಫೋಲಿಕ್ ಆಸಿಡ್ ನುಂಗುವುದಂತೂ ಬೇಡ. ರಕ್ತ ಸರಿಹೋದಂತೆ ಕಾಣುತ್ತದೆ, ನರ ಒಳಗೊಳಗೇ ಹಾಳಾಗುತ್ತಿರುತ್ತದೆ. ರಿಪೋರ್ಟಿನಲ್ಲಿ ಬಿ12 ಮಟ್ಟ 200ಕ್ಕಿಂತ (pg/mL ಲೆಕ್ಕದಲ್ಲಿ) ಕಡಿಮೆ ಇದ್ದರೆ ಕೊರತೆಯೇ. 200ರಿಂದ 300ರ ನಡುವೆ ಇದ್ದು ಜೋಮೂ ಇದ್ದರೆ ನಾನಂತೂ ಕಾಯುವುದಿಲ್ಲ, ಚಿಕಿತ್ಸೆ ಶುರು ಮಾಡುತ್ತೇನೆ. ಅದೇ ರಕ್ತದಲ್ಲಿ ಥೈರಾಯ್ಡ್, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಕೂಡ ನೋಡಿಸಿ.

ಊಟದ ಮಾತಿಗೆ ಬಂದರೆ, ಹಾಲು ಮೊಸರಿನಲ್ಲಿ ಬಿ12 ಇದೆ. ಸೊಪ್ಪು, ರಾಗಿ, ಬೀಟ್‌ರೂಟ್‌ನಲ್ಲಿ ಇಲ್ಲ. ಸ್ಪಿರುಲಿನಾದಲ್ಲಿ ಇರುವುದು ಬಹುಪಾಲು ನಮ್ಮ ಮೈಗೆ ಬಾರದ ನಕಲಿ. ದಾಸ್ತಾನು ಖಾಲಿಯಾದ ಮೇಲೆ ಎರಡು ಲೋಟ ಮಜ್ಜಿಗೆಯಿಂದ ತುಂಬುವುದಿಲ್ಲ.

ಪ್ರಶ್ನೆ: ನನಗೆ ಶುಗರ್ ಇದೆ. ಸುಸ್ತಾದಾಗ ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿಕೊಂಡರೆ ಹಾಯೆನಿಸುತ್ತದೆ. ಪರವಾಗಿಲ್ವಾ?

ಉತ್ತರ: ಮಾಮೂಲಿ ಅರ್ಧ ಲೀಟರ್ ಬಾಟ್ಲಿಯಲ್ಲಿ 25 ಗ್ರಾಂ ಗ್ಲೂಕೋಸ್ ಇರುತ್ತದೆ, ಅಂದರೆ ಐದಾರು ಚಮಚ. ಅಷ್ಟನ್ನು ಕಾಫಿಗೆ ಹಾಕಿಕೊಂಡರೆ ಮನೆಯವರು ಬಿಡ್ತಾರಾ? ಹಾಯೆನಿಸಿದ್ದು ಎರಡು ಗಂಟೆ ಮಲಗಿದ್ದಕ್ಕೆ.

ಪ್ರಶ್ನೆ: ಮೂರು ಸಾವಿರದ ‘ಮೈಟೊಕಾಂಡ್ರಿಯಾ ಬೂಸ್ಟರ್’ ಪುಡಿ ತರಿಸಲಾ?

ಉತ್ತರ: ಬೇಡ.

ಪ್ರಶ್ನೆ: ಡಯಾಲಿಸಿಸ್‌ನಲ್ಲಿರುವ ನಮ್ಮ ಭಾವನಿಗೆ ತುಂಬಾ ನಿಶ್ಶಕ್ತಿ. ಎಳನೀರು ಕೊಡಬಹುದಾ?

ಉತ್ತರ: ಇದಕ್ಕೆ ಮಾತ್ರ ಕೋಪ ಬರುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯವೇ ನಿಲ್ಲಬಹುದು. ಕೊಡಿ ಅಂತ ಹೇಳಿದವರು ಯಾರೇ ಆಗಲಿ, ಅವರ ಮಾತು ಕೇಳಬೇಡಿ. ಸುಸ್ತಿನ ವಿಷಯ ಮುಂದಿನ ಡಯಾಲಿಸಿಸ್ ದಿನವೇ ಅಲ್ಲಿನ ಡಾಕ್ಟರಿಗೆ ಹೇಳಿ, ಹಿಮೋಗ್ಲೋಬಿನ್ ಎಷ್ಟಿದೆ ಕೇಳಿ.