ದೇವದಾರು ಕಾಡಿನ ಜೇಡಗಳ ಸರ್ವೆಗೆ ಎಷ್ಟು ಪಿಟ್‌ಫಾಲ್ ಕಪ್ ಬೇಕು?

ನೆಲದಲ್ಲಿ ಹೂತು ಜೇಡ ಬೀಳಿಸುವ ಪಿಟ್‌ಫಾಲ್ ಕಪ್ ಐವತ್ತು ಸಾಕಾ, ನೂರು ಬೇಕಾ ಅಂತ ಕೇಳಿದ್ದೀರಿ. ಜೂನ್‌ನಲ್ಲಿ ಎರಡು ವಾರ ಹೋಗಿ ಸರ್ವೆ ಮುಗಿಸುವ ಯೋಚನೆ ಇದೆ ಅಂತಲೂ ಬರೆದಿದ್ದೀರಿ. ಎಂಎಸ್ಸಿ ಪ್ರಾಜೆಕ್ಟ್‌ಗೆ ನಾನೂ ಇದೇ ಲೆಕ್ಕ ಹಾಕಿಕೊಂಡು ಉತ್ತರಾಖಂಡದ ಚಕ್ರಾತಾಗೆ ಹೋಗಿದ್ದೆ. ಕಪ್ಪಿನ ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂಳುವುದು, ಒಳಗೆ ಉಪ್ಪುನೀರು, ಒಂದು ಹನಿ ಸೋಪು, ವಾರ ಬಿಟ್ಟು ಸೋಸುವುದು. ಕೆಲಸ ಸಲೀಸು. ಜೇಡಗಳೂ ಧಾರಾಳವಾಗಿ ಬಿದ್ದವು.

ಲ್ಯಾಬಿಗೆ ಬಂದು ಮೈಕ್ರೋಸ್ಕೋಪ್ ಮುಂದೆ ಕೂತರೆ ಬರೀ ತೋಳಜೇಡಗಳು, ಅಂದರೆ ನೆಲದಲ್ಲಿ ಓಡಾಡಿ ಬೇಟೆಯಾಡುವ ಜೇಡಗಳು. ಅದರಲ್ಲೂ ಗಂಡುಗಳೇ ಜಾಸ್ತಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ನನ್ನ ಒಂದಿಡೀ ಸೀಸನ್ ಹೋಗಿದ್ದು ಇಲ್ಲೇ. ಕಪ್ಪಿಗೆ ಬೀಳುವುದು ನೆಲದ ಮೇಲೆ ಓಡಾಡುವ ಜೇಡ. ಹೆಣ್ಣನ್ನು ಹುಡುಕಿಕೊಂಡು ಅಲೆಯುವ ಗಂಡು ಹೆಚ್ಚು ಬೀಳುತ್ತದೆ. ಕೊಂಬೆಯಲ್ಲಿ ಬಲೆ ನೇಯ್ದು ಕೂತ ಜೇಡಕ್ಕೆ ಕೆಳಗೇನು ಕೆಲಸ? ಹಾಗಾಗಿ ಕಪ್ ಲೆಕ್ಕದಲ್ಲಿ ಗೊತ್ತಾಗುವುದು ಯಾವುವು ಎಷ್ಟು ಓಡಾಡಿದವು ಎಂಬುದು. ಕಾಡಿನಲ್ಲಿ ಎಷ್ಟು ಬಗೆ ಇವೆ ಎಂಬುದು ಬೇರೆಯೇ ಪ್ರಶ್ನೆ. ಐನೂರು ಕಪ್ ಹೂತಿದ್ದರೂ ಅವೇ ಜೇಡಗಳು ಇನ್ನಷ್ಟು ಬೀಳುತ್ತಿದ್ದವು, ಅಷ್ಟೇ. ಪ್ರಾಜೆಕ್ಟ್ ಹೆಸರಲ್ಲಿ ದೇವದಾರು ಇತ್ತು. ಆ ಮರದ ಒಂದು ಕೊಂಬೆಯನ್ನೂ ನಾನು ಮುಟ್ಟಿರಲಿಲ್ಲ!

ಮುಂದಿನ ಸಲ ಬಿಳಿ ಬಟ್ಟೆಯ ಕೊಡೆ ಒಯ್ದೆ. ಕೊಂಬೆಯ ಕೆಳಗೆ ತಲೆಕೆಳಗಾಗಿ ಹಿಡಿದು, ಮೇಲಿಂದ ಕೋಲಲ್ಲಿ ಬಡಿಯುವುದು. ಒಣಗಿದ ಸೂಜಿ ಎಲೆ, ತೊಗಟೆ ಪುಡಿ, ಕಲ್ಲುಹೂವಿನ ಚೂರು ಉದುರುತ್ತವೆ. ಗಡಿಬಿಡಿ ಮಾಡಬೇಡಿ, ಸುಮ್ನೆ ನೋಡುತ್ತಿರಿ. ಸ್ವಲ್ಪ ಹೊತ್ತಿಗೆ ಕಲ್ಲುಹೂವು ಅಂದುಕೊಂಡಿದ್ದ ಒಂದು ಚೂರು ಕಾಲು ಬಿಚ್ಚಿ ಓಡುತ್ತದೆ. ಕಪ್ಪಿನಲ್ಲಿ ನಾನು ಒಮ್ಮೆಯೂ ಕಾಣದ ಜೇಡಗಳು ಹೀಗೆ ಸಿಕ್ಕವು.

ಅದಕ್ಕೇ ಕಪ್ ಎಣಿಸುವುದು ಬಿಡಿ, ಗಂಟೆ ಎಣಿಸಿ. 1991ರಲ್ಲಿ ಜೇಡ ವಿಜ್ಞಾನಿ ಜೊನಾಥನ್ ಕಾಡಿಂಗ್ಟನ್ ಮತ್ತು ಸಂಗಡಿಗರು ಉಷ್ಣವಲಯದ ಕಾಡುಗಳಿಗೆಂದು ಕೊಟ್ಟ ಪದ್ಧತಿ ಇದೆ. ಒಬ್ಬರು ಒಂದು ಗಂಟೆ ಹುಡುಕಿದರೆ ಅದು ಒಂದು ಸ್ಯಾಂಪಲ್. ಮೊಣಕಾಲಿನಿಂದ ಮೇಲೆ, ಮೊಣಕಾಲಿನಿಂದ ಕೆಳಗೆ, ಕೊಂಬೆ ಬಡಿಯುವುದು, ಎಲ್ಲಕ್ಕೂ ಬೇರೆ ಬೇರೆ ಗಂಟೆ. ರಾತ್ರಿಯೂ ಹುಡುಕಲೇಬೇಕು, ಎಷ್ಟೋ ಜೇಡಗಳು ಹೊರಬರುವುದೇ ಕತ್ತಲಾದ ಮೇಲೆ. ತಲೆಗೆ ಟಾರ್ಚ್ ಕಟ್ಟಿಕೊಳ್ಳಿ, ಒಬ್ಬರೇ ಹೋಗಬೇಡಿ.

ಜೂನ್‌ನಲ್ಲಿ ಎರಡು ವಾರ ಹೋಗಿ ಮುಗಿಸುವ ಯೋಚನೆಯೂ ನನಗೆ ಒಪ್ಪಿಗೆ ಇಲ್ಲ. ಮರಿಗಳಿಂದ ಪ್ರಭೇದ ಗುರುತಿಸುವುದು ಹೆಚ್ಚಿನ ಸಲ ಆಗುವುದೇ ಇಲ್ಲ. ಗಂಡಿನ ಪಾಲ್ಪ್ (ಬಾಯಿಯ ಪಕ್ಕದ ಕಾಲಿನಂಥ ಪುಟ್ಟ ಅಂಗ) ತುದಿ ಉಬ್ಬಿ ಬಲಿತಿರಬೇಕು, ಹೆಣ್ಣಿನ ಹೊಟ್ಟೆಯಡಿ ಜನನಾಂಗದ ಗುರುತು ಬಲಿತಿರಬೇಕು. ಎಲ್ಲ ಪ್ರಭೇದಗಳೂ ಒಂದೇ ತಿಂಗಳಲ್ಲಿ ಬಲಿಯುವುದಿಲ್ಲ ಅಲ್ವಾ? ಒಂದು ವಾರ ಮಳೆಗೆ ಮುಂಚೆ, ಇನ್ನೊಂದು ವಾರ ಮಳೆ ನಿಂತ ಮೇಲೆ ಇಟ್ಟುಕೊಳ್ಳಿ. ನಿಮ್ಮ ಪ್ರಾಜೆಕ್ಟ್ ಗೈಡ್ ಬೇಡ ಅಂದರೂ ಪಟ್ಟು ಹಿಡಿಯಿರಿ.

ಇನ್ನು ಕಪ್ ವಿಷಯ. ಇಪ್ಪತ್ತು ಸಾಕು. ಕಾಲುದಾರಿಯಿಂದ ದೂರ ಇಡಿ, ಮೇಲೆ ಜೇಡ ನುಸುಳುವಷ್ಟು ಸಂದು ಬಿಟ್ಟು ತಟ್ಟೆ ಕವುಚಿ, ಇಲ್ಲದಿದ್ದರೆ ಒಂದು ಮಳೆಗೆ ಎಲ್ಲವೂ ತುಂಬಿ ಹರಿಯುತ್ತವೆ. ಅರಣ್ಯ ಇಲಾಖೆಯ ಅನುಮತಿಗೆ ಈಗಲೇ ಅರ್ಜಿ ಹಾಕಿ.